ಎಡಗೈಯ ನಡಿಗೆ

ಕಾರ್ಯಕ್ರಮ ಮುಗಿಸಿ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಅಮ್ಮನ ತೀರ್ಪು ಬರುತ್ತಿತ್ತು. "ಎರಡನೇ ಚರಣದಲ್ಲಿ ಓಡಿಸಿಬಿಟ್ರಿ." ಅಪ್ಪ ಡೋಲಕ್ಕನ್ನು ಗೋಡೆಗೆ ಒರಗಿಸುತ್ತಾ, "ಮುಂದಿನ ಸಲ ಹಿಡ್ಕೋತೀನಿ ಬಿಡು" ಎನ್ನುತ್ತಿದ್ದರು. ಆಮೇಲೆ ಇಬ್ಬರೂ ಏನೂ ಆಗದವರಂತೆ ಕೂತು ಮೊಸರನ್ನ ತಿನ್ನುತ್ತಿದ್ದರು. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಉಪ್ಪು ಖಾರಕ್ಕೆ ಜಗಳವಾಡಿದರೆ ನಮ್ಮ ಮನೆಯಲ್ಲಿ ತಾಳಕ್ಕೆ. ನನಗೆ ಬುದ್ಧಿ ಬಂದಾಗಿನಿಂದ ಕೇಳಿಕೊಂಡು ಬಂದದ್ದು ಇದನ್ನೇ.

ಓಡಿಸುವುದು ಎಂದರೆ ಹಾಡಿನ ವೇಗವನ್ನು ತನಗೇ ಗೊತ್ತಿಲ್ಲದೆ ಏರಿಸುತ್ತಾ ಹೋಗುವುದು. ತಾಳ ಹಿಡಿದವರಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನಮ್ಮಪ್ಪ ಮಹದೇವ್, ಹಗಲು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸಿ, ಸಂಜೆ 'ಚಿಲಿಪಿಲಿ ಮೆಲೋಡೀಸ್' ಎಂಬ ಆರ್ಕೆಸ್ಟ್ರಾದಲ್ಲಿ ಡೋಲಕ್ ನುಡಿಸುತ್ತಿದ್ದವರು. ಅಮ್ಮ ವರಲಕ್ಷ್ಮಿ ಅದೇ ಆರ್ಕೆಸ್ಟ್ರಾದ ಹಾಡುಗಾರ್ತಿ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆಯ ರಿಸೆಪ್ಷನ್ನು, ಎಲ್ಲಿ ಕರೆದರೂ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದರು, ಡೋಲಕ್ಕು ಅಮ್ಮನ ತೊಡೆಯ ಮೇಲೆ. ತನ್ನ ಲಯದ ಬಗ್ಗೆ ಅಮ್ಮನಿಗಿದ್ದ ಹೆಮ್ಮೆ ಸಣ್ಣದಲ್ಲ. ತನ್ನ ತಾಳ ಗೋಡೆ ಗಡಿಯಾರ, ಅಪ್ಪನದು ಸಿಗ್ನಲ್ ಬಿಟ್ಟ ಆಟೋ ಎಂದು ಬಂದವರ ಮುಂದೆಲ್ಲ ಹೇಳುವಳು. ಅಪ್ಪ ನಗುವರು. ನಾನು ಮೊದಲಿನಿಂದಲೂ ಅಮ್ಮನ ಕಡೆ. ಕೋಪ ಮೂಗಿನ ತುದಿಯಲ್ಲಿರುವುದೂ ನನಗೆ ಅವಳಿಂದಲೇ ಬಂದ ಆಸ್ತಿ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕಾಲು ಎಳೆದುಕೊಂಡಾದರೂ ನಡೆಯುವುದು ಬಂತು, ಬಲಗೈ ಮಾತ್ರ ಬರಲಿಲ್ಲ. ಹಿಸುಕಲು ಕೊಟ್ಟಿದ್ದ ರಬ್ಬರ್ ಚೆಂಡನ್ನು ಅವರು ಟೀವಿಯ ಪಕ್ಕ ಇಟ್ಟು ಮರೆತರು. ನೆನಪಿಸಿದರೆ ನಾಳೆ ಮಾಡ್ತೀನಿ ಎನ್ನುವರು. ಡೋಲಕ್ಕು ಹಸಿರು ಚೀಲದೊಳಗೆ ಸೇರಿ ಬೀರುವಿನ ಮೇಲೆ ಹೋಯಿತು. ಅಮ್ಮನಿಗೆ ಯಾರೂ ಹೇಳಲಿಲ್ಲ, ಆದರೂ ಅವಳು ಹಾಡುವುದನ್ನು ಬಿಟ್ಟಳು. ಚಿಲಿಪಿಲಿಯವರು ಕರೆದಾಗ ಗಂಟಲು ಸರಿಯಿಲ್ಲ ಎಂದಳು. ಬಟ್ಟೆ ಒಣಗಿಸುವಾಗ ಗುನುಗುವುದೂ ನಿಂತಿತು. ಮಹಾಲಕ್ಷ್ಮಿ ಲೇಔಟಿನ ನಮ್ಮ ಸಣ್ಣ ಮನೆ ಅಷ್ಟು ಸುಮ್ಮನೆ ಇದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಹೀಗಿರುವಾಗ ಸೀನಣ್ಣ ಬಂದ. ರಸ್ತೆಯ ತುದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಈ ಸೀನಣ್ಣನೇ ನಮ್ಮ ಕ್ರಾಸಿನಲ್ಲಿ ಅಣ್ಣಮ್ಮನನ್ನು ಕೂರಿಸುವವರ ಮುಖಂಡ. ವರ್ಷಕ್ಕೊಮ್ಮೆ ದೇವಿಯ ಉತ್ಸವಮೂರ್ತಿಯನ್ನು ತಂದು, ರಸ್ತೆಗೆ ಅಡ್ಡಲಾಗಿ ಪೆಂಡಾಲು ಹಾಕಿ ಕೂರಿಸುತ್ತೇವೆ. ಸಂಜೆ ಆರ್ಕೆಸ್ಟ್ರಾ. ಅದು ಶುರುವಾಗುವುದು ತಾಯಿಯ ಮೇಲಿನ ಒಂದು ಹಾಡಿನಿಂದ. ಚಿಲಿಪಿಲಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನಾಗಭೂಷಣ್ ಅಂಕಲ್ ಕಟ್ಟಿದ ಹಾಡು ಅದು, ಅಮ್ಮನನ್ನು ಬಿಟ್ಟು ಬೇರೆ ಯಾರೂ ಹಾಡಿದ್ದಿಲ್ಲ. ಅತ್ತ ವೇದಿಕೆಯಲ್ಲಿ ಈ ಹಾಡು ನಡೆಯುವಾಗಲೇ ಇತ್ತ ದೇವಿಗೆ ಮಹಾಮಂಗಳಾರತಿ. ಆರತಿ ತಟ್ಟೆ ಕೆಳಗಿಳಿಯುವ ತನಕ ಹಾಡು ನಿಲ್ಲುವಂತಿಲ್ಲ, ನಿಂತರೆ ರಸ್ತೆಗೇ ಒಳ್ಳೆಯದಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಪೂಜಾರಿ ಎಷ್ಟು ಎಳೆದರೂ ಪಲ್ಲವಿಯನ್ನು ತಿರುಗಿಸಿ ತಿರುಗಿಸಿ ಹಾಡುತ್ತಲೇ ಇರಬೇಕು.

ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದರು. ಸೀನಣ್ಣ ಎಲ್ಲಿಂದಲೋ ಒಂದು ಭಕ್ತಿಗೀತೆಯನ್ನು ಪೆನ್ ಡ್ರೈವಿನಲ್ಲಿ ತಂದು ಹಾಕಿಸಿದ್ದ. ಆರತಿ ಇನ್ನೂ ಅರ್ಧದಲ್ಲಿರುವಾಗ ಅದು ಮುಗಿದು, ಹಿಂದೆಯೇ ಯಾವುದೋ ಸೋಪಿನ ಜಾಹೀರಾತು ಬಂತು. ಮೂರನೇ ಮನೆಯ ಪಟಾಲಮ್ಮಜ್ಜಿ ಅದಕ್ಕೆ ಅವನನ್ನು ಇವತ್ತಿಗೂ ಬೈಯುತ್ತಾರೆ. ಈ ಸಲ ಆಂಟಿಯೇ ಹಾಡಬೇಕು, ಬರುವ ಹುಡುಗರ ಹತ್ತಿರ ಕೀಬೋರ್ಡು ಇದೆ, ಪ್ಯಾಡಿದೆ, ಬೇಕಾದ ತಾಳ ಅದರಲ್ಲೇ ಬರುತ್ತದೆ ಎಂದು ಅವನು ಬೇಡಿಕೊಂಡ.

"ಡೋಲಕ್ ಇಲ್ದೆ ನಾನು ಹಾಡಲ್ಲ ಸೀನ," ಎಂದಳು ಅಮ್ಮ. ಕಾಫಿ ತರಲು ಒಳಗೆ ಹೋದವಳು ಅವನು ಎದ್ದು ಹೋಗುವ ತನಕ ಅಡುಗೆಮನೆಯಿಂದ ಈಚೆ ಬರಲಿಲ್ಲ.

ಅಂದು ಮಧ್ಯಾಹ್ನ ಅಪ್ಪ ಮಹಡಿ ಹತ್ತಿ ನನ್ನ ಕೋಣೆಗೆ ಬಂದರು. ಸ್ಟ್ರೋಕ್ ಆದ ಮೇಲೆ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದವರನ್ನು ಕಂಡು ಕುರ್ಚಿ ಬಿಟ್ಟು ಎದ್ದೆ. ನಾನು ಟೀವಿ ಧಾರಾವಾಹಿಗಳಿಗೆ ಸೌಂಡ್ ಕೂರಿಸುವವಳು. ಬಾಗಿಲು ಬಡಿಯುವ ಸದ್ದು ಬಾಗಿಲು ಬಡಿದಾಗಲೇ ಕೇಳುವಂತೆ, ಗೆಜ್ಜೆಯ ಸದ್ದು ಕಾಲು ಊರಿದಾಗಲೇ ಬರುವಂತೆ ಮಾಡುವುದು ನನ್ನ ಹೊಟ್ಟೆಪಾಡು. ಲ್ಯಾಪ್‌ಟಾಪು, ಎರಡು ಸ್ಪೀಕರು, ಗೋಡೆಗೆ ಹೊಡೆದ ಹಳೆಯ ಕಂಬಳಿ, ಇಷ್ಟೇ ನನ್ನ ಸ್ಟುಡಿಯೋ. ಅಪ್ಪ ಅದರ ಒಂದೇ ಕುರ್ಚಿಯಲ್ಲಿ ಕೂತು, ನಾಗಭೂಷಣನ ಹತ್ತಿರ ಹಳೆಯದೊಂದು ರೆಕಾರ್ಡಿಂಗ್ ಇದೆ, ಇದೇ ಹಾಡಿನದು, ಅದರಲ್ಲಿ ತನ್ನ ಡೋಲಕ್ ಇದೆ, ಅದನ್ನು ಮಾತ್ರ ತೆಗೆದು ಅಮ್ಮನ ಹಿಂದೆ ಹಾಕಲು ಆಗುತ್ತದೆಯೇ ಎಂದು ಕೇಳಿದರು. ಆಗಬಹುದು, ನೋಡಬೇಕು ಎಂದೆ.

"ನೋಡಮ್ಮ ಅನು. ನನ್ ಕೈ ಹೋಯ್ತು, ಹೋಗ್ಲಿ. ಅದ್ರ ಜೊತೆ ಅವಳ ಹಾಡೂ ಹೋಗ್ಬಾರ್ದು."

ಇಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ನಾನು ಫ್ಯಾನಿನ ವೇಗ ಹೆಚ್ಚಿಸುವ ನೆಪದಲ್ಲಿ ಎದ್ದೆ.

ನಾಗಭೂಷಣ್ ಅಂಕಲ್ ಅಚ್ಚುಕಟ್ಟಿನ ಮನುಷ್ಯ. ಮಿಕ್ಸರಿನಿಂದ ನೇರವಾಗಿ ಕ್ಯಾಸೆಟ್ಟಿಗೆ ಇಳಿಸಿ, ಆಮೇಲೆ ಕಂಪ್ಯೂಟರಿಗೂ ಹಾಕಿಟ್ಟಿದ್ದರು. ನಮ್ಮ ಪುಣ್ಯಕ್ಕೆ ಎಡಗಡೆಯ ಸ್ಪೀಕರಿಗೆ ಹಾಡು, ಬಲಗಡೆಗೆ ತಾಳ ಎಂದು ಬೇರೆ ಬೇರೆಯಾಗಿ ಹಿಡಿದಿದ್ದರು. ಬಲಗಡೆಯದನ್ನು ಮಾತ್ರ ಹಾಕಿದರೆ ಬರೀ ಅಪ್ಪನ ಡೋಲಕ್ಕು. ಮೊದಲ ಪೆಟ್ಟು ಕೇಳಿದೊಡನೆ ಸ್ಪೀಕರಿನ ದನಿ ಏರಿಸಿದೆ. ಎಡಗೈಯ ಗುಂ, ಬಲಗೈಯ ಬೆರಳುಗಳ ಚಿಟಪಟ, ನಡುವೆ ಅಂಗೈ ಒತ್ತಿ ಎಳೆಯುವ ಆ ಗುಂಯ್. ಯಾರ ಕೈ ಎಂದು ನಿದ್ದೆಯಲ್ಲೂ ಹೇಳಿಬಿಡುತ್ತಿದ್ದೆ.

ಆದರೆ ಹಳೆಯ ಕ್ಯಾಸೆಟ್ಟಿನ ದನಿ ತೆಳ್ಳಗಿತ್ತು. ರಸ್ತೆಯ ದೊಡ್ಡ ಸ್ಪೀಕರುಗಳಲ್ಲಿ ಅದೊಂದೇ ನಿಲ್ಲುವಂತಿರಲಿಲ್ಲ. ಕೆಳಗೆ ಎಲೆಕ್ಟ್ರಾನಿಕ್ ತಾಳವೊಂದನ್ನು ಹಾಸಬೇಕು, ಅದರ ಮೇಲೆ ಡೋಲಕ್ಕನ್ನು ಕೂರಿಸಬೇಕು. ಹಾಗೆ ಮಾಡಿದರೆ ಆರ್ಕೆಸ್ಟ್ರಾ ಹುಡುಗರೂ ಜೊತೆಗೆ ನುಡಿಸಬಹುದು. ಯಂತ್ರದ ತಾಳ ಹಾಕಿ ಎರಡನ್ನೂ ಒಟ್ಟಿಗೆ ಬಿಟ್ಟೆ. ಪಲ್ಲವಿ ಮುಗಿಯುವಷ್ಟರಲ್ಲಿ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಲ್ಯಾಪ್‌ಟಾಪಿನಲ್ಲಿ ಕಾಲ ಎನ್ನುವುದು ಸಮನಾದ ಗೆರೆಗಳಾಗಿ ನಿಂತಿರುತ್ತದೆ. ಪ್ರತಿ ಪೆಟ್ಟೂ ಗೆರೆಯ ಮೇಲೆ ಬೀಳಬೇಕು. ಅಪ್ಪನ ಪೆಟ್ಟುಗಳು ಒಂದು ಕಡೆ ಗೆರೆಗಿಂತ ಮುಂದೆ, ಇನ್ನೊಂದು ಕಡೆ ಹಿಂದೆ. ಎರಡನೇ ಚರಣದಲ್ಲಂತೂ ಅಟ್ಟಿಸಿಕೊಂಡು ಬಂದವರ ಹಾಗೆ ಓಡಿದ್ದರು.

ಅಮ್ಮ ಹೇಳುತ್ತಿದ್ದದ್ದು ನಿಜ ಎಂದುಕೊಂಡೆ. ಪಾಪ, ಅಪ್ಪ ಓಡಿಸುತ್ತಿದ್ದದ್ದೇ ಹೌದು. ಮಾನ ಕಾಪಾಡಲು ಮಗಳಿದ್ದಾಳಲ್ಲ. ಹಟಕ್ಕೆ ಬಿದ್ದವಳಂತೆ ಕೂತು ಒಂದೊಂದು ಪೆಟ್ಟನ್ನೂ ಕತ್ತರಿಸಿ, ಎಳೆದು ಗೆರೆಗೆ ಕೂರಿಸಿದೆ. ಮುಗಿದಾಗ ಯಂತ್ರವೂ ಡೋಲಕ್ಕೂ ಒಂದೇ ಹೆಜ್ಜೆ ಹಾಕುತ್ತಿದ್ದವು. ಜನ್ಮದಲ್ಲಿ ನಮ್ಮಪ್ಪ ಇಷ್ಟು ನೆಟ್ಟಗೆ ನುಡಿಸಿರಲಿಕ್ಕಿಲ್ಲ. ನನಗೆ ಸಣ್ಣ ಅಹಂಕಾರವೂ ಬಂತು.

ಅಮ್ಮನನ್ನು ಒಪ್ಪಿಸಲು ಅಪ್ಪ ಎರಡು ದಿನ ಅವಳ ತಲೆ ತಿಂದರು. ಕೊನೆಗೆ ಮುಖ ಊದಿಸಿಕೊಂಡೇ ಮೈಕಿನ ಮುಂದೆ ನಿಂತಳು. ಡೋಲಕ್ಕು ಕೇಳಿಸಿದೊಡನೆ ಆ ಮುಖ ಸಡಿಲವಾಯಿತು. ಸೆರಗು ಸರಿಮಾಡಿಕೊಂಡು, ಅಪ್ಪನ ಕಡೆ ನೋಡದೆ, ಹಾಡಲು ತೊಡಗಿದಳು. ವರ್ಷದ ಮೇಲೆ ತೆಗೆದ ದನಿ, ಮೊದಲು ಸ್ವಲ್ಪ ಒರಟು, ಆಮೇಲೆ ಅದೇ ಹಳೆಯ ದನಿ. ಪಲ್ಲವಿ ಚೆನ್ನಾಗಿಯೇ ಹೋಯಿತು. ಮೊದಲ ಚರಣದಲ್ಲಿ ಒಂದು ಕಡೆ ಎಡವಿ ಸರಿಮಾಡಿಕೊಂಡಳು. ಎರಡನೇ ಚರಣದಲ್ಲಿ ಬಿದ್ದೇ ಹೋದಳು. ಅವಳು ಸಾಲು ಮುಗಿಸಿದಾಗ ಡೋಲಕ್ಕು ಇನ್ನೂ ಮುಗಿಸಿರಲಿಲ್ಲ. ಮತ್ತೆ ಹಾಡಿದಳು, ಮತ್ತೆ ಅಲ್ಲೇ ಬಿದ್ದಳು. ಎಷ್ಟು ಸಲ ಹಾಡಿದರೂ ಅದೇ ಜಾಗ, ಅದೇ ಕಥೆ.

"ಇದು ನಿಮ್ಮಪ್ಪನ ಕೈ ಅಲ್ಲ," ಎಂದಳು.

ಅದೇ ಕೈ, ಓಡಿಸಿದ್ದನ್ನು ಸರಿಮಾಡಿದ್ದೇನೆ ಅಷ್ಟೇ, ನೀನೇ ಹೇಳುತ್ತಿದ್ದೆಯಲ್ಲ ಎಂದು ನಾನೂ ದನಿ ಏರಿಸಿದೆ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಜಗಳಕ್ಕೆ ನಿಲ್ಲದ ಅಮ್ಮನನ್ನು ನಾನು ನೋಡಿರಲಿಲ್ಲ. ವಯಸ್ಸಾಯಿತು ಕಣೇ, ನನ್ನ ತಾಳ ಹೋಯಿತು, ಸೀನನಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳು ಎಂದು ಮೆಲ್ಲಗೆ ಹೇಳಿ, ಮೆಟ್ಟಿಲಿಳಿದು ಹೋಗಿ ಅಕ್ಕಿ ತೊಳೆಯಲು ಕೂತಳು. ಅಪ್ಪ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು.

ಮಾರನೆಯ ದಿನ ಧಾರಾವಾಹಿಯ ಕೆಲಸ ಬಿಟ್ಟು ಮತ್ತೆ ಆ ರೆಕಾರ್ಡಿಂಗ್ ತೆರೆದೆ. ನಾನು ಮುಟ್ಟದ, ಮೂಲದ್ದು. ಈ ಸಲ ಡೋಲಕ್ಕಿನ ಜೊತೆ ಎಡಗಡೆಯ ಹಾಡನ್ನೂ ಹಾಕಿದೆ. ಅಲ್ಲಿ ಅಮ್ಮ ಎಡವದೆ ಸರಾಗವಾಗಿ ಹಾಡುತ್ತಿದ್ದಳು. ಅಂದಮೇಲೆ ಆ ಓಡುವ ಡೋಲಕ್ಕಿನೊಂದಿಗೆ ಬಾರದ ಕಷ್ಟ, ನೆಟ್ಟಗಿರುವ ಡೋಲಕ್ಕಿನೊಂದಿಗೆ ಯಾಕೆ ಬಂತು? ಹಾಡಿನ ಅಲೆಯನ್ನು ಮೇಲೆ, ಡೋಲಕ್ಕಿನದನ್ನು ಕೆಳಗೆ ಇಟ್ಟುಕೊಂಡು ನಿಧಾನವಾಗಿ ನೋಡುತ್ತಾ ಹೋದೆ.

ಮೊದಲ ಚರಣದಲ್ಲಿ ಡೋಲಕ್ಕು ಗೆರೆಗಿಂತ ಮುಂದೆ ಹೋದ ಜಾಗ. ಅದಕ್ಕಿಂತ ಒಂದು ಕೂದಲೆಳೆ ಮೊದಲೇ ಹಾಡು ಮುಂದೆ ಹೋಗಿತ್ತು. ಡೋಲಕ್ಕು ಹಿಂದೆ ಬಿದ್ದ ಜಾಗ. ಅಲ್ಲಿ ಅಮ್ಮ ಒಂದು ಸ್ವರವನ್ನು ಇಷ್ಟಪಟ್ಟು ಎಳೆದಿದ್ದಳು. ಎರಡನೇ ಚರಣಕ್ಕೆ ಬಂದೆ. ಉದ್ದದ ಸಾಲು, ಅವಳಿಗೆ ಉಸಿರು ಸಾಲದು. ಉಸಿರು ಮುಗಿಯುತ್ತದೆ ಎಂಬ ದಿಗಿಲಿಗೆ ಸಾಲನ್ನು ಓಡಿಸಿ, ಕೊನೆಯಲ್ಲಿ ಅರ್ಧ ತಾಳವನ್ನೇ ನುಂಗಿ ಹಾಕಿದ್ದಳು. ಡೋಲಕ್ಕು ಅವಳ ಬೆನ್ನಿಗೇ ಓಡಿ, ತಾನೂ ಅರ್ಧ ತಾಳ ನುಂಗಿ, ನುಂಗಿದ್ದು ಯಾರಿಗೂ ತಿಳಿಯದಂತೆ ಬೆರಳುಗಳಲ್ಲಿ ಪಟಪಟನೆ ಒಂದು ಉರುಳು ಪೆಟ್ಟು ಬಾರಿಸಿತ್ತು. ಕೇಳಿದ ಜನ ಶಿಳ್ಳೆ ಹೊಡೆದದ್ದೂ ರೆಕಾರ್ಡಿಂಗಿನಲ್ಲಿತ್ತು.

ಹಾಡಿನುದ್ದಕ್ಕೂ ಹೀಗೆಯೇ. ಒಂದೇ ಒಂದು ಜಾಗದಲ್ಲಿಯೂ ಡೋಲಕ್ಕು ತಾನಾಗಿ ಓಡಿರಲಿಲ್ಲ. ನಾನು ಹೆಡ್‌ಫೋನ್ ತೆಗೆದಿಟ್ಟೆ. ಅಷ್ಟೂ ವರ್ಷ, ಅಷ್ಟೂ ಕಾರ್ಯಕ್ರಮ, ಚಪ್ಪಲಿ ಬಿಡುವ ಮೊದಲು ಬಂದ ಅಷ್ಟೂ ತೀರ್ಪು ನೆನಪಾಗಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗಲಿಲ್ಲ. ಅಮ್ಮ ಸುಳ್ಳು ಹೇಳಿದವಳಲ್ಲ. ಅವಳು ಎಲ್ಲಿಗೆ ಹೋದರೂ ನೆಲ ಅಲ್ಲಿಗೇ ಬಂದು ಕಾಲ ಕೆಳಗೆ ನಿಲ್ಲುತ್ತಿತ್ತು. ಹಾಗಿದ್ದ ಮೇಲೆ ತಾನು ಹೆಜ್ಜೆ ತಪ್ಪಿದ್ದೇನೆ ಎಂದು ಅವಳಿಗಾದರೂ ಹೇಗೆ ಗೊತ್ತಾಗಬೇಕು?

ಅಮ್ಮ ಹೂವು ತರಲು ಹೋದ ಸಮಯ ನೋಡಿ ಅಪ್ಪನಿಗೆ ಫೋನಿನಲ್ಲೇ ಅದನ್ನು ಕೇಳಿಸಿದೆ, ಮೊದಲು ಹಾಡು, ಆಮೇಲೆ ಡೋಲಕ್ಕು. ಅವರು ವರಾಂಡದಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದರು. ಎರಡನೇ ಚರಣದ ಉರುಳು ಬಂದಾಗ ತುಟಿಯಂಚಿನಲ್ಲಿ ನಗು ಬಂತು, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವರ ನಗು. ಗೊತ್ತಿದ್ದೂ ಯಾಕೆ ಬೈಸಿಕೊಂಡಿರಿ, ಒಂದು ದಿನವಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

"ಹಾಡೋರನ್ನ ಬೀಳಿಸ್ಬಾರ್ದು ಕಣಮ್ಮ. ಡೋಲಕ್ ಹಿಡಿದೋನ ಕೆಲ್ಸ ಅಷ್ಟೇ," ಎಂದರು. ಫೋನನ್ನು ನನ್ನ ಕೈಗೆ ಕೊಡುತ್ತಾ, "ಹೇಳಿದ್ರೆ ಅವಳು ಹೆದರ್ಕೊಂಡು ಹಾಡ್ತಿದ್ಲು. ಬೈದ್ರೆ ಬೈಲಿ, ಹಾಡ್ತಿದ್ಲಲ್ಲ."

ಅಮ್ಮನಿಗೆ ಇದನ್ನು ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ಈಗ ಏನು ಮಾಡುವುದು? ಹಳೆಯ ಓಟವನ್ನೆಲ್ಲ ಮೊದಲಿನಂತೆಯೇ ಬಿಟ್ಟರೂ ಪ್ರಯೋಜನವಿಲ್ಲ. ಅದು ಅಂದಿನ ಅಮ್ಮನ ಹಿಂದೆ ಓಡಿದ ಡೋಲಕ್ಕು. ಇಂದಿನ ಅಮ್ಮನಿಗೆ ಉಸಿರು ಬೇರೆ ಕಡೆ ಮುಗಿಯುತ್ತದೆ, ಬೇರೆ ಕಡೆ ಎಳೆಯುತ್ತಾಳೆ. ರೆಕಾರ್ಡಿಂಗಿಗೆ ಕಿವಿ ಇಲ್ಲ. ಯಂತ್ರಕ್ಕಂತೂ ಮೊದಲೇ ಇಲ್ಲ, ಅದು ಯಾರು ಬಿದ್ದರೂ ತನ್ನ ಪಾಡಿಗೆ ತಾನು ನಡೆಯುತ್ತದೆ. ನನ್ನ ಕಸುಬಿನಲ್ಲಿ ಅದನ್ನೇ ನಾವು ಸರಿ ಎನ್ನುತ್ತೇವೆ. ಇಷ್ಟು ವರ್ಷ ನಾನು ಎಲ್ಲವನ್ನೂ ಆ ಗೆರೆಗೆ ಎಳೆದು ಕೂರಿಸಿದವಳು. ಗೆರೆಯನ್ನೇ ಒಬ್ಬರಿಗಾಗಿ ಸರಿಸಬಹುದು ಎಂದು ನನಗೆ ಹೊಳೆದಿರಲಿಲ್ಲ.

ಕಿವಿ ಇರುವವರು ಮನೆಯಲ್ಲಿ ಒಬ್ಬರಿದ್ದರು. ಕೈ ಒಂದೇ ಇತ್ತು. ಒಂದು ಕೈ ಸಾಕು ಎನಿಸಿತು. ಡೋಲಕ್ಕಿನ ರೆಕಾರ್ಡಿಂಗನ್ನು ತಾಳದ ಒಂದೊಂದು ಸುತ್ತಿನ ತುಂಡುಗಳಾಗಿ ಕತ್ತರಿಸಿದೆ. ಬೆರಳು ತಟ್ಟಿದರೆ ಲ್ಯಾಪ್‌ಟಾಪಿಗೆ ತಿಳಿಯುವ ರಬ್ಬರಿನ ಸಣ್ಣ ಪ್ಯಾಡೊಂದು ನನ್ನ ಹತ್ತಿರವಿತ್ತು. ಅದರ ಮೇಲೆ ತಟ್ಟುವವರು ಬೇಗ ತಟ್ಟಿದರೆ ಎಲೆಕ್ಟ್ರಾನಿಕ್ ತಾಳ, ಡೋಲಕ್ಕಿನ ತುಂಡು ಎರಡೂ ಬೇಗ ನಡೆಯುವಂತೆ, ನಿಧಾನಿಸಿದರೆ ನಿಧಾನಿಸುವಂತೆ ಜೋಡಿಸಿದೆ. ಆರ್ಕೆಸ್ಟ್ರಾ ಹುಡುಗರು ಇದನ್ನೇ ಕಿವಿಯಲ್ಲಿ ಹಾಕಿಕೊಂಡು ನುಡಿಸಿದರಾಯಿತು.

ಅಪ್ಪನನ್ನು ಮಹಡಿಗೆ ಕರೆದು ಮುಂದೆ ಇಟ್ಟೆ. ಅವರು ಪ್ಯಾಡನ್ನು ತಿರುಗಿಸಿ ನೋಡಿ, "ಇದೇನು, ಕಾಲಿಂಗ್ ಬೆಲ್ಲಾ?" ಎಂದು ಪಕ್ಕಕ್ಕೆ ಸರಿಸಿದರು. ಡೋಲಕ್ಕಿನಲ್ಲಿ ಬಲಗೈ ಯಾತಕ್ಕೆ, ಎಡಗೈ ಯಾತಕ್ಕೆ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಡುತ್ತಿದ್ದಿರಲ್ಲ, ಅದನ್ನು ಒಮ್ಮೆ ಹೇಳಿ ಎಂದೆ. ಬಲಗೈ ಅಲಂಕಾರಕ್ಕೆ, ಎಡಗೈ ನಡಿಗೆಗೆ, ಎಂದು ಗೊಣಗಿದರು. ಅಲಂಕಾರ ಕ್ಯಾಸೆಟ್ಟಿನಲ್ಲಿದೆ, ನಡಿಗೆ ನಿಮ್ಮ ಹತ್ತಿರವೇ ಇದೆ ಎಂದೆ. ನಾನು ಟೀ ತರಲು ಕೆಳಗೆ ಹೋದಾಗ ಮಹಡಿಯಿಂದ ಡೋಲಕ್ಕಿನ ಸದ್ದು ಕೇಳಿಸಿತು, ಒಮ್ಮೆ ನಿಧಾನ, ಒಮ್ಮೆ ಚುರುಕು. ಅಡುಗೆಮನೆಯಲ್ಲಿದ್ದ ಅಮ್ಮ ಸೌಟು ಹಿಡಿದವಳು ಹಾಗೆಯೇ ನಿಂತಳು.

ಅಪ್ಪ ತಟ್ಟಿದ ಹಾಗೆ ಇದು ನಡೆಯುತ್ತದೆ ಎಂದು ಅವಳಿಗೆ ವಿವರಿಸಿದೆ.

"ಹಾಗಾದ್ರೆ ಓಡಿಸ್ತಾರೆ," ಎಂದಳು. ಆದರೆ ಸೌಟು ಕೆಳಗಿಟ್ಟು ಮೆಟ್ಟಿಲು ಹತ್ತತೊಡಗಿದಳು.

ಆಮೇಲೆ ದಿನವೂ ಸಂಜೆ ಅಭ್ಯಾಸ. ಅಪ್ಪ ಅವಳ ತುಟಿಯನ್ನೇ ನೋಡುತ್ತಾ ಎಡಗೈಯ ಎರಡು ಬೆರಳಲ್ಲಿ ತಟ್ಟುವರು. ಅವಳು ಓಡಿದರೆ ಓಡುವರು, ಎಳೆದರೆ ನಿಲ್ಲುವರು. ಎರಡನೇ ಚರಣದಲ್ಲಿ ಅಮ್ಮ ಎಂದಿನಂತೆ ಅರ್ಧ ತಾಳ ನುಂಗಿದಳು, ಯಂತ್ರವೂ ತೆಪ್ಪಗೆ ನುಂಗಿತು. ಮೊದಲೇ ಹೀಗೆ ಸರಿಯಾಗಿ ಹಾಕಿದ್ದರೆ ಇಷ್ಟೆಲ್ಲ ರಾದ್ಧಾಂತ ಇರುತ್ತಿತ್ತೇ ಎಂದು ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅಪ್ಪನಿಗೆ ಕೊಟ್ಟ ಮಾತು ನೆನೆದು ನಾನು ವೈರು ಸುತ್ತತೊಡಗಿದೆ. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು.

ಆದರೂ ನನಗೊಂದು ಅಳುಕಿತ್ತು. ವರ್ಷದಿಂದ ಎರಡು ಕೈಯ ಕೆಲಸ ಮಾಡಿದ ಎಡಗೈ ಅದು, ಬೇಗ ದಣಿಯುತ್ತಿತ್ತು. ಆದ್ದರಿಂದ ಯಾರಿಗೂ ಹೇಳದೆ ಒಂದು ಏರ್ಪಾಡು ಮಾಡಿದೆ. ಲ್ಯಾಪ್‌ಟಾಪಿನ ಒಂದು ಕೀ ಒತ್ತಿದರೆ ಯಂತ್ರ ಅಪ್ಪನ ಕೈ ಬಿಟ್ಟು, ತನ್ನ ಪಾಡಿಗೆ ನೆಟ್ಟಗೆ ನಡೆಯತೊಡಗುತ್ತದೆ. ಅಮ್ಮ ತಡವರಿಸಬಹುದು, ಆದರೆ ಹಾಡು ನಿಲ್ಲುವುದಿಲ್ಲ.

ಅಣ್ಣಮ್ಮನನ್ನು ಕೂರಿಸಿದ ಸಂಜೆ ಇಡೀ ಕ್ರಾಸು ದೀಪದ ಸರಗಳಲ್ಲಿ ಮಿನುಗುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಮೊದಲ ಸಾಲಿನಲ್ಲಿ ಪಟಾಲಮ್ಮಜ್ಜಿ. ವೇದಿಕೆಯ ಒಂದು ಮೂಲೆಯಲ್ಲಿ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಂದೆ ಸ್ಟೂಲಿನ ಮೇಲೆ ಆ ರಬ್ಬರ್ ಪ್ಯಾಡು. ಅವರ ಹಿಂದೆ ಲ್ಯಾಪ್‌ಟಾಪಿನೊಂದಿಗೆ ನಾನು. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಮೈಕಿನ ಮುಂದೆ ನಿಂತಳು. ಎದುರಿನ ಪೆಂಡಾಲಿನಲ್ಲಿ ಪೂಜಾರಿ ಕರ್ಪೂರ ಹಚ್ಚಿದ. ಅಪ್ಪ ತಟ್ಟಿದರು, ಡೋಲಕ್ಕು ರಸ್ತೆಯ ತುಂಬ ನುಡಿಯಿತು. ತುಂಬ ದಿನಗಳಿಂದ ಆ ಕೈ ಕೇಳದಿದ್ದ ಜನ ತಿರುಗಿ ನೋಡಿದರು.

ಮೊದಲ ಚರಣ, ಎರಡನೇ ಚರಣ, ಎಲ್ಲ ಅಭ್ಯಾಸ ಮಾಡಿದಂತೆಯೇ ಆಯಿತು. ಹಾಡು ಮುಗಿಯಬೇಕಿದ್ದ ಹೊತ್ತಿಗೆ ಸೀನಣ್ಣ ಕೆಳಗಿನಿಂದ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದ, ಇನ್ನೂ ಹಾಡಿ ಎಂದು. ಹೊರಗಡೆ ನಿಂತವರೂ ಆರತಿ ನೋಡಬೇಕೆಂದು ಪೂಜಾರಿ ತಟ್ಟೆ ಹಿಡಿದು ಪೆಂಡಾಲಿನ ಈಚೆ ಬಂದಿದ್ದ. ಅಮ್ಮ ಪಲ್ಲವಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಅಪ್ಪನ ಅಂಗಿಯ ಬೆನ್ನು ಒದ್ದೆಯಾಗಿ ಮೈಗೆ ಅಂಟಿದ್ದು ನನಗೆ ಕಾಣುತ್ತಿತ್ತು. ಇನ್ನೊಂದು ಸುತ್ತಿಗೆ ಬರುವಷ್ಟರಲ್ಲಿ ಅವರ ಬೆರಳು ತಡವಾಗಿ ಬಿತ್ತು. ಅದರ ಮುಂದಿನದು ಇನ್ನೂ ತಡವಾಯಿತು. ಯಂತ್ರ ಹೇಳಿದ ಮಾತು ಕೇಳುವ ಪ್ರಾಣಿ, ಅದೂ ನಿಧಾನಿಸಿತು. ಡೋಲಕ್ಕು ಎಳೆಯತೊಡಗಿತು, ಹತ್ತಲಾರದ ಮೆಟ್ಟಿಲಿನಲ್ಲಿ ಕಾಲು ಎಳೆದ ಹಾಗೆ.

ನನ್ನ ಬೆರಳು ಆ ಕೀಯ ಮೇಲೆ ಹೋಯಿತು. ಒತ್ತಿದರೆ ಹಾಡು ಉಳಿಯುತ್ತದೆ. ಆದರೆ ಅಪ್ಪ ತಟ್ಟುತ್ತಲೇ ಇರುತ್ತಾರೆ, ತಟ್ಟಿದ್ದಕ್ಕೂ ಕೇಳುವುದಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ಮರುಕ್ಷಣವೇ ಗೊತ್ತಾಗುತ್ತದೆ. ಅದಾದ ಮೇಲೆ ಅವರು ಇನ್ನೊಂದು ಸಲ ನನ್ನ ಮೆಟ್ಟಿಲು ಹತ್ತುವುದಿಲ್ಲ.

ಆಗ ಅಮ್ಮ ತಿರುಗಿ ನೋಡಿದಳು. ವೇದಿಕೆಯ ಮೇಲೆ ಅವಳು ಎಂದೂ ತಾಳದವರ ಕಡೆ ತಿರುಗಿದವಳಲ್ಲ, ಅದು ಅವಳ ಬಿಂಕ. ತಿರುಗಿ, ಅಪ್ಪನ ಮುಖವನ್ನಲ್ಲ, ಸ್ಟೂಲಿನ ಮೇಲೆ ನಡುಗುತ್ತಿದ್ದ ಆ ಎರಡು ಬೆರಳುಗಳನ್ನು ನೋಡಿದಳು. ಮುಂದಿನ ಸಾಲಿಗೆ ಹೋಗಬೇಕಿದ್ದವಳು ಹೋಗಲಿಲ್ಲ. "ತಾಯೀ" ಎಂಬ ಒಂದೇ ಪದವನ್ನು ಹಿಡಿದು ಎಳೆದಳು, ಮೇಲೆ ಒಯ್ದಳು, ಕೆಳಗೆ ತಂದಳು, ಇನ್ನೊಂದು ಸಲ ಕರೆದಳು. ಕಣ್ಣು ಮಾತ್ರ ಆ ಬೆರಳುಗಳನ್ನು ಬಿಡಲಿಲ್ಲ. ಬೆರಳು ಏಳುವ ತನಕ ಕಾದಳು, ಅದು ಬಿದ್ದಲ್ಲಿ ಸಾಲು ಎತ್ತಿಕೊಂಡಳು. ಮತ್ತೆ ಕಾದಳು, ಮತ್ತೆ ಎತ್ತಿಕೊಂಡಳು. ಇಷ್ಟು ನಿಧಾನದಲ್ಲಿ ಆ ಹಾಡನ್ನು ಯಾರೂ ಕೇಳಿರಲಿಲ್ಲ. ಇದು ಹೊಸ ವರಸೆ ಎಂದುಕೊಂಡ ಜನ ಚಪ್ಪಾಳೆ ತಟ್ಟಿದರು, ಪಟಾಲಮ್ಮಜ್ಜಿ ಕುರ್ಚಿಯಲ್ಲೇ ಕೈ ಮುಗಿದರು. ನಾನು ಕೀಯ ಮೇಲಿದ್ದ ಬೆರಳನ್ನು ತೆಗೆದು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಪೂಜಾರಿ ಆರತಿ ಇಳಿಸಿದ. ಅಪ್ಪನ ಕೊನೆಯ ಪೆಟ್ಟೂ ಅಮ್ಮನ ಕೊನೆಯ ಪದವೂ ಒಟ್ಟಿಗೆ ಬಿದ್ದವು.

ಆರ್ಕೆಸ್ಟ್ರಾ ಹುಡುಗರಿಗೆ ವೇದಿಕೆ ಬಿಟ್ಟು ನಾವು ಮನೆಗೆ ಬಂದೆವು. ಅಪ್ಪ ದಾರಿಯುದ್ದಕ್ಕೂ ನೆಲ ನೋಡುತ್ತಲೇ ನಡೆದರು. ಬೇರೆಯವರಿಗೆ ತಿಳಿಯದಿರಬಹುದು, ತನ್ನ ಕೈ ಎಳೆಯಿತು ಎಂದು ಅವರಿಗೆ ತಿಳಿದಿತ್ತು. ಹಾಡುವವರನ್ನು ಬೀಳಿಸಬಾರದು ಎಂದು ಬದುಕಿದವರು, ಇವತ್ತು ಬೀಳಿಸುವುದರಲ್ಲಿದ್ದರು. ವರಾಂಡದ ಕುರ್ಚಿಯಲ್ಲಿ ಕೂತು, ಬಗ್ಗಿ ಎಡಗೈಯಿಂದ ಚಪ್ಪಲಿ ಬಿಚ್ಚಲು ಹೆಣಗುತ್ತಿದ್ದರು. ಸಹಾಯಕ್ಕೆ ಬಗ್ಗಿದ ನನ್ನನ್ನು ಬೇಡ ಎಂದು ತಡೆದರು. ಚೆನ್ನಾಗಿತ್ತು ಎಂದರೆ ಅವರು ನಂಬುವವರಲ್ಲ.

ಅಮ್ಮ ಬಾಗಿಲ ಬೀಗ ತೆಗೆಯುತ್ತಿದ್ದವಳು ಹಾಗೆಯೇ ಹಿಂದಿರುಗಿ ನೋಡಿದಳು. ಮುಖದಲ್ಲಿ ಅದೇ ಹಳೆಯ ಅಸಮಾಧಾನ.

"ಕೊನೇಲಿ ಓಡಿಸಿಬಿಟ್ರಿ," ಎಂದಳು.

ಅಪ್ಪ ತಲೆಯೆತ್ತಿದರು. ಅವಳನ್ನು ತುಂಬ ಹೊತ್ತು ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ.

"ಮುಂದಿನ ಸಲ ಹಿಡ್ಕೋತೀನಿ ಬಿಡು," ಎಂದರು ಅಪ್ಪ.

ಅಮ್ಮ ಮೊಸರನ್ನ ಕಲಸಲು ಒಳಗೆ ಹೋದಳು.